ಇಷ್ಟು ದಿನ ಏನೂ ಆಗಿಲ್ವಲ್ಲ

ನಮ್ಮ ಮನೆಯಲ್ಲಿ ನೀರು ಕಾಯಿಸೋಕೆ ಒಂದು ಹಳೇ ಕಾಯಿಲ್ ಇತ್ತು. ಸೋಲಾರ್ ಬಂದ ಮೇಲೂ ಮೋಡ ಕವಿದ ದಿನಗಳಿಗೆ ಬೇಕಾಗುತ್ತೆ ಅಂತ ಇಟ್ಟುಕೊಂಡಿದ್ದೆವು. ಮದುವೆಯಾದ ವರ್ಷ ಕೊಂಡಿದ್ದು, 16 ವರ್ಷ ಆಗಿತ್ತು. ಮನೆಗೆ ಬಂದವರಿಗೆ ಅದನ್ನು ತೋರಿಸಿ "ಆಗಿನ ಮಾಲು ಹಂಗಿರ್ತಿತ್ತು ನೋಡಿ" ಅಂತ ನಾನು ಜಂಭ ಕೊಚ್ಚಿದ್ದೂ ಉಂಟು. ಕಳೆದ ಆಷಾಢದ ಒಂದು ಬೆಳಿಗ್ಗೆ ಮನೆಗೆಲಸಕ್ಕೆ ಬರುವ ಅಕ್ಕ ಬಕೆಟ್ಟಿಗೆ ಅದನ್ನು ಹಾಕಿ, ನೀರು ಕಾದಿದೆಯಾ ಅಂತ ಬೆರಳು ಅದ್ದಿದ್ದಾರೆ. ಶಾಕ್ ಹೊಡೆದು ಹಿಂದಕ್ಕೆ ಬಿದ್ದರು. ಮೊಣಕೈ ತರಚಿತು, ಅರ್ಧ ಗಂಟೆ ಕೈ ನಡುಗುತ್ತಲೇ ಇತ್ತು. ದೇವರು ದೊಡ್ಡವನು, ಅಷ್ಟಕ್ಕೇ ಮುಗಿಯಿತು.

ನಾನು ಓಡಿಹೋಗಿ ಸ್ವಿಚ್ ಆರಿಸಿದೆ. ಅವರನ್ನು ಎಬ್ಬಿಸಿ ಕೂರಿಸುವಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಅಯ್ಯೋ, ಇಷ್ಟು ದಿನ ಏನೂ ಆಗಿರಲಿಲ್ವಲ್ಲ!"

ಆಗ ನಮ್ಮ ಸೋದರಮಾವ ಮನೆಯಲ್ಲಿದ್ದರು. ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವರು, ಅಂದರೆ ವಿಮಾನದ ಮೈಯನ್ನು ನೋಡಿಕೊಳ್ಳುವ ಕೆಲಸ. ಬಹಳ ವರ್ಷ ಆವ್ರೋ ವಿಮಾನಗಳ ಜೊತೆ ಕಳೆದವರು. ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಆ ಮಾತು ಒಂದು ಆಡಬೇಡ ಕಣೋ. ಬ್ರಿಟಿಷರ ಹತ್ರ ನಿಮ್ರಾಡ್ ಅಂತ ಒಂದು ವಿಮಾನ ಇತ್ತು. ಅದರ ವಿಚಾರಣೆ ರಿಪೋರ್ಟ್ ಸಿಗುತ್ತೆ, ಓದು. ನೀನೀಗ ಅಂದ್ಯಲ್ಲ, ಅದೇ ಮಾತಿಗೆ ಹದಿನಾಲ್ಕು ಜನ ಹೋದ್ರು."

ಅವತ್ತು ರಾತ್ರಿಯಿಂದ ಶುರುವಾದ ಓದು, ಒಂದರಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗಿ, ಹಳೆಯ ಸೇನಾ ವಿಮಾನಗಳು ಹೇಗೆ ನಿವೃತ್ತಿಯಾಗುತ್ತವೆ ಅನ್ನೋದರವರೆಗೂ ಹೋಯಿತು. ನನ್ನ ಪ್ರಶ್ನೆ ಮಾತ್ರ ವಿಮಾನದ್ದಲ್ಲ. ಬಹುಕಾಲ ದುಡಿದ ಒಂದು ವಸ್ತುವನ್ನು ಯಾವಾಗ ನಿಲ್ಲಿಸಬೇಕು? ಅದನ್ನು ತೀರ್ಮಾನ ಮಾಡೋರು ಯಾರು? ತಡವಾದರೆ ಅದರ ಬೆಲೆ ಕಟ್ಟೋರು ಯಾರು?

*

ಮೊದಲು ನಿಮ್ರಾಡ್ ಕತೆ. ಅದು ಸಮುದ್ರದ ಮೇಲೆ ಗಸ್ತು ತಿರುಗೋಕೆ ಮಾಡಿದ ವಿಮಾನ. ಆದರೆ ಅದರ ಮೈ ಕಾಮೆಟ್ ಅನ್ನೋ ಹಳೆಯ ಪ್ರಯಾಣಿಕ ವಿಮಾನದ್ದು. ಸೇನೆಗಳ ದೊಡ್ಡ ವಿಮಾನಗಳಲ್ಲಿ ಹೀಗೆ ಎರಡನೇ ಜನ್ಮ ಪಡೆದವು ಬಹಳ. ಬ್ರಿಟನ್ನಿನ ವಿಸಿ10 ಟ್ಯಾಂಕರುಗಳಲ್ಲಿ ಹಲವು ಮೊದಲು ಗಲ್ಫ್ ಏರ್, ಈಸ್ಟ್ ಆಫ್ರಿಕನ್ ಏರ್‌ವೇಸ್ ಕಂಪನಿಗಳಲ್ಲಿ ಪ್ರಯಾಣಿಕರನ್ನು ಹೊತ್ತಿದ್ದವು. ಟ್ರೈಸ್ಟಾರ್ ಟ್ಯಾಂಕರುಗಳು ಬ್ರಿಟಿಷ್ ಏರ್‌ವೇಸ್ ಮತ್ತು ಪ್ಯಾನ್ ಆ್ಯಮ್‌ನಿಂದ ಬಂದಿದ್ದವು. ಟ್ಯಾಂಕರ್ ಅಂದರೆ ಹಾರುತ್ತಿರುವಾಗಲೇ ಇನ್ನೊಂದು ವಿಮಾನಕ್ಕೆ ಇಂಧನ ತುಂಬಿಸುವ ವಿಮಾನ, ಆಕಾಶದ ಪೆಟ್ರೋಲ್ ಬಂಕ್ ಅನ್ನಿ.

2006ರ ಸೆಪ್ಟೆಂಬರ್ 2ರಂದು ಎಕ್ಸ್‌ವಿ230 ಅನ್ನೋ ನಿಮ್ರಾಡ್ ಅಫ್ಘಾನಿಸ್ತಾನದ ಮೇಲೆ ಹಾರುತ್ತಾ ಒಂದು ಟ್ರೈಸ್ಟಾರ್ ಟ್ಯಾಂಕರಿನಿಂದ ಇಂಧನ ತುಂಬಿಸಿಕೊಂಡಿತು. ಕೆಲವೇ ನಿಮಿಷಗಳಲ್ಲಿ ವಿಮಾನದೊಳಗೆ ಬೆಂಕಿ. ಕಂದಹಾರ್ ಕಡೆಗೆ ತಿರುಗಿಸಿದರೂ ತಲುಪಲಿಲ್ಲ. ಒಳಗಿದ್ದ 14 ಜನರೂ ಸತ್ತರು. ಚೆಲ್ಲಿದ ಇಂಧನ, ಎಂಜಿನ್ನಿನ ಬಿಸಿಗಾಳಿ ಸಾಗಿಸುವ ಒಂದು ಕೊಳವೆಗೆ ತಾಗಿ ಹೊತ್ತಿಕೊಂಡಿತು ಅಂತ ತನಿಖೆ ಹೇಳಿತು. ಚಾರ್ಲ್ಸ್ ಹ್ಯಾಡನ್-ಕೇವ್ ಅನ್ನೋ ಹಿರಿಯ ವಕೀಲರು 2009ರಲ್ಲಿ ಕೊಟ್ಟ ವಿಚಾರಣಾ ವರದಿ ಇನ್ನೂ ಹಿಂದಕ್ಕೆ ಹೋಗುತ್ತದೆ. 1969ರ ಮೂಲ ವಿನ್ಯಾಸದಲ್ಲೇ ಇದ್ದ ಬಿಸಿಗಾಳಿಯ ಕೊಳವೆ, 1979ರಲ್ಲಿ ಸೇರಿಸಿದ ಇನ್ನೊಂದು, 1982ರ ಫಾಕ್‌ಲ್ಯಾಂಡ್ ಯುದ್ಧಕ್ಕಾಗಿ ಅವಸರದಲ್ಲಿ ಹಾಕಿ 1989ರಲ್ಲಿ ಖಾಯಂ ಮಾಡಿದ ಇಂಧನ ತುಂಬಿಸಿಕೊಳ್ಳುವ ವ್ಯವಸ್ಥೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಸೇರಿಸಿದವು ಒಂದೇ ಜಾಗದಲ್ಲಿ ಅಕ್ಕಪಕ್ಕ ಬಂದು ಕೂತಿದ್ದವು.

ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಇದಲ್ಲ. ಅಪಘಾತಕ್ಕೆ ಸ್ವಲ್ಪ ವರ್ಷ ಮುಂಚೆ ಆ ವಿಮಾನಗಳ ಸುರಕ್ಷತೆಯನ್ನು ಹೊಸದಾಗಿ, ಭಾಗ ಭಾಗವಾಗಿ ಪರೀಕ್ಷೆ ಮಾಡೋಕೆ ಅಂತಲೇ ಒಂದು ದೊಡ್ಡ ಕೆಲಸ ನಡೆದಿತ್ತು. ಎಲ್ಲಿ ಇಂಧನ ಇದೆ, ಎಲ್ಲಿ ಶಾಖ ಇದೆ, ಎರಡೂ ಎಲ್ಲಿ ಸೇರಬಹುದು ಅಂತ ಹುಡುಕೋದೇ ಆ ಕೆಲಸ. ಅದನ್ನು ಮಾಡಿದವರು ಈ ಅಪಾಯವನ್ನು ಕಾಣಲಿಲ್ಲ. ಯಾಕೆ ಅನ್ನೋದಕ್ಕೆ ವರದಿ ಕೊಡುವ ಕಾರಣಗಳಲ್ಲಿ ಮುಖ್ಯವಾದದ್ದು: ಈ ವಿಮಾನ 30 ವರ್ಷದಿಂದ ಹಾರುತ್ತಾ ಇದೆ, ಆದ್ದರಿಂದ ಹೇಗೂ ಸುರಕ್ಷಿತವಾಗಿಯೇ ಇರುತ್ತೆ ಅನ್ನೋ ನಂಬಿಕೆ ಎಲ್ಲರ ತಲೆಯಲ್ಲೂ ಮೊದಲೇ ಕೂತಿತ್ತು. ಪರೀಕ್ಷೆ ಬರೀ ಫಾರ್ಮ್ ತುಂಬುವ ಶಾಸ್ತ್ರ ಆಯಿತು. ಉತ್ತರ ಗೊತ್ತಿದೆ ಅಂದುಕೊಂಡವನು ಪ್ರಶ್ನೆ ಪತ್ರಿಕೆಯನ್ನು ಸರಿಯಾಗಿ ಓದೋದಿಲ್ಲ.

ಇಷ್ಟು ದಿನ ಏನೂ ಆಗಿಲ್ವಲ್ಲ ಅನ್ನೋ ಮಾತಿನಲ್ಲಿ ಏನು ತಪ್ಪಿದೆ? ಮೇಲುನೋಟಕ್ಕೆ ಅದು ಅನುಭವದ ಮಾತು. 30 ವರ್ಷ ಹಾರಿದೆ ಅನ್ನೋದು ಒಂದು ಸಾಕ್ಷಿಯೇ ಅಲ್ಲವೇ? ಹೌದು, ಸಾಕ್ಷಿ. ಆದರೆ ಅದು ಖರ್ಚೂ ಹೌದು. ವಿಮಾನ ಪ್ರತಿ ಸಲ ಮೇಲೇರಿದಾಗ ರೆಕ್ಕೆ ಭಾರ ಹೊತ್ತು ಬಾಗುತ್ತದೆ, ಇಳಿದಾಗ ನೆಟ್ಟಗಾಗುತ್ತದೆ. ತಂತಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡ್ತೀವಲ್ಲ, ಅದೇ ಲೆಕ್ಕ. ಹತ್ತು ಸಲ ಬಗ್ಗಿಸಿದರೂ ಮುರಿಯಲಿಲ್ಲ ಅನ್ನೋದು ಹನ್ನೊಂದನೇ ಸಲಕ್ಕೆ ಧೈರ್ಯ ಕೊಡಬೇಕಾ, ಭಯ ಕೊಡಬೇಕಾ? ಒಂದೇ ಇತಿಹಾಸವನ್ನು ಜಮಾ ಅಂತಲೂ ಓದಬಹುದು, ಖರ್ಚು ಅಂತಲೂ ಓದಬಹುದು. ನಮಗೆ ಅನುಕೂಲವಾದಾಗ ನಾವು ಅದನ್ನು ಜಮಾ ಕಡೆಗೇ ಬರೆದುಕೊಳ್ಳುತ್ತೇವೆ.

ಇನ್ನೊಂದು ವಿಷಯ. "ಏನೂ ಆಗಿಲ್ಲ" ಅನ್ನೋದು ಬಹಳ ಸಲ ಸುಳ್ಳೇ ಆಗಿರುತ್ತೆ. 2004ರ ನವೆಂಬರಿನಲ್ಲಿ ಇನ್ನೊಂದು ನಿಮ್ರಾಡಿನಲ್ಲಿ ಇದೇ ಬಿಸಿಗಾಳಿಯ ಕೊಳವೆ ಒಡೆದಿತ್ತು. ಆ ವಿಮಾನ ಸುರಕ್ಷಿತವಾಗಿ ಇಳಿಯಿತು. ಇಳಿದಿದ್ದರಿಂದಲೇ ಅದು "ಏನೂ ಆಗಿಲ್ಲ" ಅನ್ನೋ ಲೆಕ್ಕಕ್ಕೆ ಸೇರಿಹೋಯಿತು.

ಶಾಕ್ ಹೊಡೆದ ಮರುದಿನ ನಮ್ಮ ಮನೆಗೆ ಬಂದ ಅಕ್ಕ ಮೆಲ್ಲಗೆ ಹೇಳಿದರು: "ಎರಡು ಮೂರು ತಿಂಗಳಿಂದ ಆಗಾಗ ಜುಂ ಅಂತಿತ್ತು ಸಾರ್. ಹೇಳಿದ್ರೆ ಏನಂದ್ಕೋತೀರೋ ಅಂತ ಸುಮ್ನಿದ್ದೆ." ನಾನು 16 ವರ್ಷ ಏನೂ ಆಗಿಲ್ಲ ಅಂತ ಜಂಭ ಪಡ್ತಿದ್ದಾಗ, ಆಗ್ತಾ ಇತ್ತು. ಆಗ್ತಿದ್ದದ್ದು ನನ್ನ ಬೆರಳಿಗೆ ಅಲ್ಲ, ಅಷ್ಟೇ.

*

ಇದನ್ನು ಓದಿ "ಹಾಗಾದರೆ ಹಳೇದೆಲ್ಲ ಅಪಾಯ, ಎಲ್ಲಾ ಬಿಸಾಕಿ" ಅಂತ ತೀರ್ಮಾನಕ್ಕೆ ಬರುವ ಹಾಗಿಲ್ಲ. ಮಾವನ ಹತ್ತಿರ ನಾನು ಹಾಗಂದಾಗ ಅವರು ನಕ್ಕರು. "ವಯಸ್ಸು ನೋಡಿ ವಿಮಾನ ನಿಲ್ಲಿಸೋದಾದ್ರೆ ಕ್ಯಾಲೆಂಡರ್ ಸಾಕಿತ್ತು, ನಮ್ಮಂಥೋರು ಯಾಕೆ ಬೇಕಿತ್ತು?" ಅಂದರು.

ಅಮೆರಿಕದ ಎರಡು ಟ್ಯಾಂಕರುಗಳ ಉದಾಹರಣೆ ನೋಡಿ. ಕೆಸಿ-135 ಮೊದಲು ಹಾರಿದ್ದು 1956ರಲ್ಲಿ, ಸೇವೆಗೆ ಸೇರಿದ್ದು 1957ರಲ್ಲಿ. ಕೊನೆಯದನ್ನು ತಯಾರಿಸಿ ಕೊಟ್ಟಿದ್ದು 1965ರಲ್ಲಿ. ಕೆಸಿ-10 ಬಂದಿದ್ದು 1981ರಲ್ಲಿ, ಅದಕ್ಕಿಂತ ದೊಡ್ಡದು, ಹೆಚ್ಚು ಇಂಧನ ಹೊರುವಂಥದ್ದು. ಇವೆರಡರಲ್ಲಿ ಯಾವುದು ಮೊದಲು ನಿವೃತ್ತಿಯಾಗಬೇಕು? ಆಗಿದ್ದು ಕಿರಿಯದು. ಕೆಸಿ-10ರ ಕೊನೆಯ ವಿಮಾನ 2024ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಟ್ರಾವಿಸ್ ನೆಲೆಯಿಂದ ಅರಿಜೋನಾದ ಮರುಭೂಮಿಗೆ ಹಾರಿ ನಿಂತಿತು. ಕೆಸಿ-135ಗಳು ನೂರಾರು ಸಂಖ್ಯೆಯಲ್ಲಿ ಇನ್ನೂ ಕೆಲಸ ಮಾಡುತ್ತಿದ್ದವು.

ಕಾರಣ ಏನೂ ನಿಗೂಢ ಅಲ್ಲ. ಕೆಸಿ-10 ಕಟ್ಟಿದ್ದೇ 60. ಅಷ್ಟು ಕಡಿಮೆ ವಿಮಾನಗಳಿಗೆ ಬೇರೆ ಬಿಡಿಭಾಗ, ಬೇರೆ ತರಬೇತಿ, ಬೇರೆ ಕಾರ್ಯಾಗಾರ ಇಟ್ಟುಕೊಳ್ಳೋದು ದುಬಾರಿ. ಕೆಸಿ-135 ಕಟ್ಟಿದ್ದು 732. ಅವುಗಳಿಗೆ ಕಾಲಕಾಲಕ್ಕೆ ಹೊಸ ಎಂಜಿನ್ ಹಾಕಿದರು, ರೆಕ್ಕೆಯ ಕೆಳಗಿನ ತಗಡನ್ನೇ ಬದಲಿಸಿದರು. ಮೊದಲೇ ನಿವೃತ್ತಿಯಾದ ಅಣ್ಣತಮ್ಮಂದಿರ ಭಾಗಗಳನ್ನು ಬಿಚ್ಚಿ ಬದುಕಿರೋವಕ್ಕೆ ಕೂರಿಸಿದರು. ಇಷ್ಟೆಲ್ಲ ಬದಲಾದ ಮೇಲೆ ಅದು 1957ರ ವಿಮಾನವೋ ಅಲ್ಲವೋ ಅನ್ನೋದು ತರ್ಕಶಾಸ್ತ್ರದವರ ಪ್ರಶ್ನೆ. ಅದರಲ್ಲಿ ಕೂತು ಹೋಗುವ ಹುಡುಗನಿಗೆ ಬೇಕಾಗಿರೋದು ಒಂದೇ: ನಿನ್ನೆ ಇದನ್ನು ಯಾರಾದರೂ ಸರಿಯಾಗಿ ನೋಡಿದ್ದಾರಾ?

ಅರಿಜೋನಾದ ಟೂಸಾನ್ ಊರಿನ ಪಕ್ಕದ ಡೇವಿಸ್-ಮಾಂಥನ್ ನೆಲೆ ವಿಮಾನಗಳ ಗೋಮಾಳ ಇದ್ದ ಹಾಗೆ. ಒಣ ಹವೆ, ಗಟ್ಟಿ ನೆಲ. ಡಾಂಬರು ಹಾಕದೆಯೂ ವಿಮಾನ ನಿಲ್ಲಿಸಬಹುದು, ಬೇಗ ತುಕ್ಕೂ ಹಿಡಿಯಲ್ಲ. ಸಾವಿರಾರು ವಿಮಾನಗಳು ಕಿಟಕಿಗಳಿಗೆ ಬಿಳಿ ಲೇಪ ಬಳಿಸಿಕೊಂಡು ಸಾಲಾಗಿ ನಿಂತಿವೆ. ಕೆಲವನ್ನು ಬಿಚ್ಚುತ್ತಾರೆ, ಕೆಲವನ್ನು ಕರಗಿಸುತ್ತಾರೆ, ಅಪರೂಪಕ್ಕೆ ಕೆಲವು ಎದ್ದು ಮತ್ತೆ ಹಾರುತ್ತವೆ. ಅಂದರೆ ನಿವೃತ್ತಿ ಅನ್ನೋದು ವಿಮಾನಕ್ಕೆ ತಾನಾಗಿ ಬರುವ ಮುಪ್ಪಲ್ಲ. ಯಾರೋ ಒಬ್ಬರು, ಯಾವುದೋ ಲೆಕ್ಕ ಹಾಕಿ, ಒಂದು ದಿನ ಮಾಡುವ ತೀರ್ಮಾನ. ತೀರ್ಮಾನ ಅಂದ ಮೇಲೆ ಅದಕ್ಕೆ ಹೊಣೆಯೂ ಇರಬೇಕಲ್ಲ. ಇಲ್ಲಿಂದ ಇದು ಬರೀ ಎಂಜಿನಿಯರುಗಳ ವಿಷಯವಾಗಿ ಉಳಿಯೋದಿಲ್ಲ.

*

ನಾನಿರೋದು ಯಲಹಂಕದ ಹತ್ತಿರ. ಇಲ್ಲಿನ ವಾಯುನೆಲೆಯಿಂದ ಏಳುವ ಆಂಟೊನೊವ್-32 ನಮ್ಮ ತಾರಸಿ ಮೇಲಿಂದ ಹೋಗುತ್ತಿರುತ್ತದೆ. ರೆಕ್ಕೆಯ ಮೇಲೆ ಎತ್ತಿ ಕೂರಿಸಿದ ಎರಡು ದೊಡ್ಡ ಎಂಜಿನ್, ಎದೆಯಲ್ಲಿ ಗುಡುಗುವ ಸದ್ದು. ಮಕ್ಕಳು ಕೈ ಬೀಸುತ್ತಾರೆ. ಈ ವಿಮಾನ ನಮ್ಮ ವಾಯುಪಡೆಗೆ ಬರೋಕೆ ಶುರುವಾಗಿದ್ದು 1984ರಲ್ಲಿ. ಹಿಮಾಲಯದ ಮೇಲಿನ ಪುಟ್ಟ ಪುಟ್ಟ ರನ್‌ವೇಗಳಿಗೆ ಅಕ್ಕಿ, ಸೀಮೆಎಣ್ಣೆ, ಔಷಧಿ, ಯೋಧರು, ಎಲ್ಲವನ್ನೂ ಹೊತ್ತಿದ್ದು ಇದೇ.

ಸಾಗಣೆ ವಿಮಾನಕ್ಕೂ ಯುದ್ಧ ವಿಮಾನಕ್ಕೂ ನೈತಿಕವಾಗಿ ಒಂದು ದೊಡ್ಡ ವ್ಯತ್ಯಾಸ ಇದೆ ಅಂತ ನನಗನ್ನಿಸುತ್ತೆ. ಯುದ್ಧ ವಿಮಾನದ ಪೈಲಟ್‌ಗೆ ತನ್ನ ವಿಮಾನ ಗೊತ್ತು. ಅದರ ಕೆಮ್ಮು ಗೊತ್ತು, ಅದರ ಹಠ ಗೊತ್ತು. ಅಪಾಯ ತಿಳಿದೇ ಹತ್ತುತ್ತಾನೆ, ಕೈ ಮೀರಿದರೆ ಹಾರಿಕೊಳ್ಳೋಕೆ ಸೀಟು ಇದೆ. ಸಾಗಣೆ ವಿಮಾನದ ಹಿಂಭಾಗದಲ್ಲಿ ಕೂತವನ ಕತೆ ಬೇರೆ. ರಜೆ ಮುಗಿಸಿ ವಾಪಸ್ ಹೋಗುವ ಜವಾನ, ವರ್ಗವಾಗಿ ದ್ವೀಪಕ್ಕೆ ಹೊರಟ ಸಿಬ್ಬಂದಿ. ಅವನಿಗೆ ಆ ವಿಮಾನದ ವಯಸ್ಸು ಗೊತ್ತಿಲ್ಲ, ಕೇಳುವ ಪದ್ಧತಿಯೂ ಇಲ್ಲ. ಹತ್ತು ಅಂದರೆ ಹತ್ತುತ್ತಾನೆ. ಅವನು ನಂಬಿರೋದು ವಿಮಾನವನ್ನಲ್ಲ, ಕಾಣದ ಯಾರನ್ನೋ.

2016ರ ಜುಲೈ 22ರಂದು ಚೆನ್ನೈ ಪಕ್ಕದ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ಒಂದು ಆಂಟೊನೊವ್-32 ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಒಳಗೆ 29 ಜನ ಇದ್ದರು. ಆಗ ಎಷ್ಟು ಹುಡುಕಿದರೂ ಸಿಗಲಿಲ್ಲ. 2024ರ ಜನವರಿಯಲ್ಲಿ ಚೆನ್ನೈ ತೀರದಿಂದ ಸುಮಾರು 310 ಕಿಲೋಮೀಟರ್ ದೂರದಲ್ಲಿ, 3,400 ಮೀಟರ್ ಆಳದಲ್ಲಿ ಅದರ ಅವಶೇಷಗಳು ಕಂಡಿವೆ ಅಂತ ಸರ್ಕಾರ ಹೇಳಿತು. ಏಳೂವರೆ ವರ್ಷ. ಆ ಮನೆಗಳಲ್ಲಿ ಏಳೂವರೆ ವರ್ಷ ಪ್ರತಿ ಸಲ ಫೋನ್ ಬಡಿದಾಗ ಏನಾಗುತ್ತಿತ್ತೋ. ಈ ವಿಮಾನ ಬಿದ್ದಿದ್ದಕ್ಕೆ ಅದರ ವಯಸ್ಸೇ ಕಾರಣ ಅಂತ ಹೇಳೋದು ತಪ್ಪು, ನಾನು ಹಾಗೆ ಹೇಳುತ್ತಿಲ್ಲ. ಸಾಗಣೆ ವಿಮಾನದ ವಿಷಯದಲ್ಲಿ ತೀರ್ಮಾನ ಮಾಡೋರು ಒಂದು ಕಡೆ, ಕೂತು ಹೋಗೋರು ಇನ್ನೊಂದು ಕಡೆ, ಕಾಯೋರು ಮತ್ತೊಂದು ಕಡೆ ಅನ್ನೋದನ್ನು ನೆನಪಿಸೋಕೆ ಇದನ್ನು ಹೇಳಿದೆ.

ಎದುರು ವಾದವನ್ನೂ ಪ್ರಾಮಾಣಿಕವಾಗಿ ಕೇಳಬೇಕು. ನಿಲ್ಲಿಸೋದಕ್ಕೂ ಬೆಲೆ ಇದೆ. ಹೊಸದು ಬರುವ ಮೊದಲೇ ಹಳೇದನ್ನು ನಿಲ್ಲಿಸಿದರೆ ಗಡಿಯ ಕೊನೆಯ ಹಳ್ಳಿಗೆ ಔಷಧಿ ಹೋಗಲ್ಲ, ಪ್ರವಾಹದಲ್ಲಿ ಸಿಕ್ಕವರಿಗೆ ಊಟ ಬೀಳಲ್ಲ. ಹಾರಿದರೆ ಸಾಯೋರು ಲೆಕ್ಕಕ್ಕೆ ಸಿಗ್ತಾರೆ, ಹಾರದೇ ಇದ್ದುದರಿಂದ ಸಾಯೋರು ಲೆಕ್ಕಕ್ಕೇ ಸಿಗಲ್ಲ. ಮಾವ ಕೆಲಸ ಮಾಡಿದ ಆವ್ರೋವನ್ನೇ ತಗೊಳ್ಳಿ. ಕಾನ್ಪುರದಲ್ಲಿ ಕಟ್ಟಿದ ಮೊದಲ ಆವ್ರೋ ಹಾರಿದ್ದು 1961ರಲ್ಲಿ. ಅದರ ಬದಲಿಗೆ ಬೇರೆ ತರಬೇಕು ಅನ್ನೋ ಪ್ರಕ್ರಿಯೆ ಶುರುವಾಗಿದ್ದು 2012ರ ಹೊತ್ತಿಗೆ. 56 ಸಿ-295 ವಿಮಾನಗಳಿಗೆ ಒಪ್ಪಂದ ಆಗಿದ್ದು 2021ರಲ್ಲಿ, ಮೊದಲನೆಯದು ಕೈಗೆ ಬಂದಿದ್ದು 2023ರಲ್ಲಿ. ಮಧ್ಯದ ಆ ವರ್ಷಗಳಲ್ಲಿ ಏನು ಮಾಡಬೇಕಿತ್ತು? ಕೈಕಟ್ಟಿ ಕೂರೋಕೆ ಆಗುತ್ತಾ? ಹಳೇದನ್ನೇ ಜತನವಾಗಿ ಹಾರಿಸಿದರು. ಹಾರಿಸಿದವರನ್ನು ದೂರೋಕೆ ನನಗೆ ಬಾಯಿ ಬರಲ್ಲ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. "ಬೇರೆ ದಾರಿಯಿಲ್ಲ, ಅಪಾಯ ಇದೆ ಅಂತ ಗೊತ್ತು, ಎಚ್ಚರಿಕೆಯಿಂದ ಹಾರಿಸೋಣ" ಅನ್ನೋದು ಒಂದು ಮಾತು. "ಇಷ್ಟು ದಿನ ಏನೂ ಆಗಿಲ್ವಲ್ಲ, ಹಾರಿಸೋಣ" ಅನ್ನೋದು ಇನ್ನೊಂದು. ಎರಡರಲ್ಲೂ ವಿಮಾನ ಹಾರುತ್ತೆ. ಮೊದಲನೆಯದರಲ್ಲಿ ಕಣ್ಣು ತೆರೆದಿದೆ, ಹೊಣೆ ಯಾರದ್ದು ಅಂತ ಗೊತ್ತಿದೆ, ಹೊಸದಕ್ಕೆ ಅವಸರವೂ ಇದೆ. ಎರಡನೆಯದರಲ್ಲಿ ಹೊಣೆಯನ್ನು ವಿಮಾನದ ಹೆಗಲಿಗೇ ಹಾಕಿದ್ದೇವೆ. ಅದಕ್ಕೇನು, ಅದು ಮಾತಾಡಲ್ಲ.

ಮಾವ ಅವರ ಕಾಲದ ಒಂದು ಪದ್ಧತಿ ಹೇಳಿದರು. ಫಾರ್ಮ್ 700 ಅಂತ ಪ್ರತಿ ವಿಮಾನಕ್ಕೂ ಒಂದು ಪುಸ್ತಕ. ಯಾವ ಕೆಲಸ ಯಾರು ಮಾಡಿದರು, ಯಾರು ಪರೀಕ್ಷಿಸಿದರು ಅಂತ ಹೆಸರು ಬರೆದು ಸಹಿ ಹಾಕಬೇಕು, ಆಮೇಲೆ ಪೈಲಟ್ ಸಹಿ ಹಾಕಿ ಒಪ್ಪಿಕೊಳ್ಳಬೇಕು. "ಸಹಿ ಹಾಕೋವಾಗ ಕೈ ಒಂದ್ಸಲ ನಿಲ್ತಿತ್ತು" ಅಂದರು. "ಯಾಕಂದ್ರೆ ಎಷ್ಟೋ ಸಲ ಅದೇ ವಿಮಾನದಲ್ಲಿ ನಾವೂ ಹತ್ತಿ ಹೋಗ್ಬೇಕಾಗಿತ್ತು. ಬೇರೆ ಊರಲ್ಲಿ ಇಳಿದ್ಮೇಲೆ ಸರ್ವಿಸ್ ಮಾಡೋರು ಬೇಕಲ್ಲ. ನಾನು ಬಿಗಿ ಮಾಡಿದ ಬೋಲ್ಟ್ ಮೇಲೆ ನಾನೇ ಕೂತ್ಕೋತಿದ್ದೆ." ಇದಕ್ಕಿಂತ ದೊಡ್ಡ ನೀತಿಸೂತ್ರ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಹಳೇ ವಸ್ತು ಇನ್ನೂ ನಡೆಯುತ್ತೆ ಅಂತ ಹೇಳುವ ಹಕ್ಕು, ಅದರಲ್ಲಿ ತಾನೂ ಕೂರೋಕೆ ತಯಾರಿರುವವನಿಗೆ ಮಾತ್ರ.

*

ಸರಿ, ನಿಲ್ಲಿಸುವ ತೀರ್ಮಾನ ಆಯಿತು ಅಂದುಕೊಳ್ಳಿ. ಅಲ್ಲಿಗೆ ಹೊಣೆ ಮುಗಿಯಿತಾ? ಮುಗಿಯಲಿಲ್ಲ ಅನ್ನೋದಕ್ಕೆ ಎರಡು ಘಟನೆ ಹೇಳುತ್ತೇನೆ. ಎರಡೂ ಅಮೆರಿಕದವು, ಎರಡೂ ಹರ್ಕ್ಯುಲಿಸ್ ಅನ್ನೋ ಹೆಸರಾಂತ ಸಾಗಣೆ ವಿಮಾನದವು.

ಮೊದಲನೆಯದು 2018ರ ಮೇ 2. ಪೋರ್ಟೋರಿಕೋ ಏರ್ ನ್ಯಾಷನಲ್ ಗಾರ್ಡ್‌ನ ಒಂದು ಹರ್ಕ್ಯುಲಿಸ್, 50 ವರ್ಷ ದಾಟಿದ್ದು, ಜಾರ್ಜಿಯಾ ರಾಜ್ಯದ ಸವಾನಾದಿಂದ ಹೊರಟಿತು. ಎಲ್ಲಿಗೆ? ಆಗಲೇ ಹೇಳಿದೆನಲ್ಲ, ಆ ಅರಿಜೋನಾದ ಮರುಭೂಮಿಗೆ. ಅದು ಅದರ ಕೊನೆಯ ಪ್ರಯಾಣ, ನಿವೃತ್ತಿಗೆ ಹೋಗುವ ಪ್ರಯಾಣ. ಏರಿದ ಒಂದೆರಡು ನಿಮಿಷದಲ್ಲೇ ಹೆದ್ದಾರಿಯ ಮೇಲೆ ಬಿತ್ತು. 9 ಜನ ಸತ್ತರು. ತನಿಖೆ ದೂರಿದ್ದು ಮುಪ್ಪನ್ನಲ್ಲ. ಒಂದು ಎಂಜಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ದುರಸ್ತಿ ಮಾಡಿದವರು ಅದರ ರೋಗವನ್ನು ಸರಿಯಾಗಿ ಪತ್ತೆ ಹಚ್ಚಿರಲಿಲ್ಲ. ಅದು ಕೈಕೊಟ್ಟಾಗ ಪೈಲಟ್‌ಗಳು ಮಾಡಬೇಕಾದದ್ದನ್ನು ಮಾಡಲಿಲ್ಲ.

ಅವರ ಮನಸ್ಸಿನಲ್ಲಿ ಏನಿತ್ತು ಅಂತ ಹೇಳೋಕೆ ನಾನು ಯಾರು? ಆದರೆ ಇದನ್ನು ಓದಿದಾಗ ನನಗೆ ನನ್ನದೇ ಸ್ವಭಾವ ನೆನಪಾಯಿತು. ಮಾರೋಕೆ ತೀರ್ಮಾನಿಸಿದ ಸ್ಕೂಟರಿಗೆ ನಾನು ಬ್ರೇಕ್ ಶೂ ಹಾಕಿಸಲ್ಲ. ಖಾಲಿ ಮಾಡಲಿರುವ ಬಾಡಿಗೆ ಮನೆಯ ಸಡಿಲ ಸ್ವಿಚ್ಚನ್ನು ಸರಿ ಮಾಡಿಸಲ್ಲ. "ಹೇಗೂ ಹೋಗ್ತಿದೆಯಲ್ಲ" ಅಂತೀನಿ. ಇದು ಮೊದಲಿನ ಮಾತಿನ ತಮ್ಮ. ಇಷ್ಟು ದಿನ ಏನೂ ಆಗಿಲ್ವಲ್ಲ ಅನ್ನೋದು ಹಿಂದೆ ನೋಡಿ ಮೈಮರೆಯೋದು, ಹೇಗೂ ಹೋಗ್ತಿದೆಯಲ್ಲ ಅನ್ನೋದು ಮುಂದೆ ನೋಡಿ ಮೈಮರೆಯೋದು. ಎರಡರಲ್ಲೂ ಇವತ್ತನ್ನು ನೋಡೋರು ಯಾರೂ ಇಲ್ಲ. ಕೊನೆಯ ದಿನದ ಪ್ರಯಾಣಿಕನ ಜೀವಕ್ಕೂ ಮೊದಲ ದಿನದವನ ಜೀವಕ್ಕೂ ಬೆಲೆ ಒಂದೇ ತಾನೆ?

ಎರಡನೆಯದು 2002ರ ಜೂನ್ 17, ಕ್ಯಾಲಿಫೋರ್ನಿಯಾದ ವಾಕರ್ ಅನ್ನೋ ಊರು. ಕಾಡ್ಗಿಚ್ಚು ಆರಿಸೋಕೆ ಒಂದು ಹರ್ಕ್ಯುಲಿಸ್ ಕೆಳಗೆ ಬಂದು ದ್ರಾವಣ ಸುರಿದು ಮೇಲೇಳುವಾಗ ಅದರ ಎರಡೂ ರೆಕ್ಕೆಗಳು ಕಳಚಿ ಹೋದವು. ಒಳಗಿದ್ದ ಮೂವರೂ ಸತ್ತರು. ಕ್ಯಾಮೆರಾದಲ್ಲಿ ಸೆರೆಯಾದ ಆ ದೃಶ್ಯ ನೋಡಿದವರು ಮರೆಯೋದಿಲ್ಲ. 1950ರ ದಶಕದಲ್ಲಿ ಕಟ್ಟಿದ ಆ ವಿಮಾನ ವಾಯುಪಡೆಯಿಂದ ಎಂದೋ ನಿವೃತ್ತಿಯಾಗಿ ಖಾಸಗಿ ಗುತ್ತಿಗೆದಾರರ ಕೈಸೇರಿತ್ತು. ರೆಕ್ಕೆಯಲ್ಲಿ ಲೋಹ ದಣಿದು ಬಿರುಕು ಬಿಟ್ಟಿತ್ತು. ಅದನ್ನು ಕಂಡುಹಿಡಿಯುವಂಥ ತಪಾಸಣೆ ನಡೆದಿರಲಿಲ್ಲ. ಎರಡು ವರ್ಷದ ನಂತರ, 2004ರಲ್ಲಿ, ಅಲ್ಲಿನ ಅರಣ್ಯ ಇಲಾಖೆ ಇಂಥ 33 ಹಳೆಯ ದೊಡ್ಡ ವಿಮಾನಗಳ ಗುತ್ತಿಗೆಯನ್ನೇ ರದ್ದು ಮಾಡಿತು.

ಒಬ್ಬರಿಗೆ ಹಳೇದಾಯಿತು ಅಂತ ಕೊಟ್ಟಿದ್ದು ಇನ್ನೊಬ್ಬರಿಗೆ ಹೊಸದಾಗಿ ಬರುತ್ತದೆ. ನಮ್ಮ ಊರಲ್ಲೂ ಇದೇ. ದೊಡ್ಡ ಊರಲ್ಲಿ ಓಡಿ ಸವೆದ ಬಸ್ಸು ಚಿಕ್ಕ ಊರಿನ ರೂಟಿಗೆ ಹೋಗುತ್ತೆ. ಆಸ್ಪತ್ರೆ ಬೇಡ ಅಂದ ಯಂತ್ರ ತಾಲ್ಲೂಕಿನ ನರ್ಸಿಂಗ್ ಹೋಮಿಗೆ ಹೋಗುತ್ತೆ. ದಾನ ಅಂತಲೂ ಕರೀತೀವಿ. ವಸ್ತುವಿನ ಜೊತೆ ಅದರ ಪೂರ್ತಿ ಕತೆಯನ್ನೂ ಕೊಟ್ಟಿದ್ದೇವಾ, ಅದನ್ನು ನೋಡಿಕೊಳ್ಳುವ ಶಕ್ತಿ ತಗೊಂಡವನಿಗೆ ಇದೆಯಾ ಅಂತ ಕೇಳೋರು ಕಡಿಮೆ. ಅಪಾಯವನ್ನು ಕಳೆಯೋದು ಬೇರೆ, ನಮ್ಮ ಮನೆಯಿಂದ ಆಚೆ ಕಳಿಸೋದು ಬೇರೆ.

*

ಕೊನೆಗೆ ಕೃತಜ್ಞತೆಯ ಪ್ರಶ್ನೆ ಉಳಿಯುತ್ತದೆ. ಹಳೇ ವಿಮಾನಗಳ ಕೊನೆಯ ಹಾರಾಟದ ವಿಡಿಯೋಗಳನ್ನು ನೋಡಿ. ರನ್‌ವೇಯ ಎರಡೂ ಕಡೆ ಅಗ್ನಿಶಾಮಕ ವಾಹನಗಳು ನೀರಿನ ಕಮಾನು ಕಟ್ಟುತ್ತವೆ, ಗಟ್ಟಿ ಗುಂಡಿಗೆಯ ಗಂಡಸರು ಕಣ್ಣೊರೆಸಿಕೊಳ್ಳುತ್ತಾರೆ, ಯಾರೋ ವಿಮಾನದ ಮೂತಿ ಸವರುತ್ತಾರೆ. ತಗಡಿಗೆ ಇದೆಲ್ಲ ಯಾಕೆ ಅಂತ ನಾನು ಕೇಳಲ್ಲ. ಆಯುಧಪೂಜೆ ದಿನ ಸೈಕಲ್ಲಿಗೂ ಕುಂಕುಮ ಇಡುವ ನಾಡಿನವನು ನಾನು.

ನಮ್ಮ ದೇಶದಲ್ಲೂ ಒಂದು ಚೆಂದದ ಉದಾಹರಣೆ ಇದೆ. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಹೊತ್ತೊಯ್ದಿದ್ದು ಡಕೋಟಾ ವಿಮಾನಗಳು. ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್, ಡಕೋಟಾ ಪೈಲಟ್ ಆಗಿದ್ದ ತಮ್ಮ ತಂದೆಯ ಗೌರವಕ್ಕಾಗಿ, ಗುಜರಿ ಸೇರಲಿದ್ದ ಒಂದು ಡಕೋಟಾವನ್ನು ಕೊಂಡು, ಬ್ರಿಟನ್ನಿನಲ್ಲಿ ರಿಪೇರಿ ಮಾಡಿಸಿ, ವಾಯುಪಡೆಗೆ ಉಡುಗೊರೆ ಕೊಟ್ಟರು. 2018ರಲ್ಲಿ ಅದು ಹಾರುತ್ತಲೇ ಭಾರತಕ್ಕೆ ಬಂತು. ಪರಶುರಾಮ ಅಂತ ಹೆಸರು. ಬಾಲದ ಮೇಲೆ ಬರೆದ ವಿಪಿ905 ಅನ್ನೋ ಸಂಖ್ಯೆ ಮಾತ್ರ 1947ರ ಇನ್ನೊಂದು ಡಕೋಟಾದ್ದು. ಮೈ ಒಂದರದ್ದು, ನೆನಪು ಇನ್ನೊಂದರದ್ದು. ಅದರಲ್ಲಿ ಮೋಸವೇನೂ ಇಲ್ಲ. ಅಲ್ಲಿ ನೆನೆಯುತ್ತಿರೋದು ತಗಡನ್ನಲ್ಲ, ಅದರಲ್ಲಿ ಹೋದ ಮನುಷ್ಯರನ್ನು.

ಹಾಗಾಗಿ ವಸ್ತುವಿನ ಮೇಲಿನ ಪ್ರೀತಿ ತಪ್ಪಲ್ಲ. ಆ ಪ್ರೀತಿಯನ್ನೇ ನೆಪ ಮಾಡಿಕೊಂಡು ಇನ್ನೊಬ್ಬರನ್ನು ಅದರಲ್ಲಿ ಕೂರಿಸೋದು ತಪ್ಪು. 60 ವರ್ಷ ದುಡಿದ ವಿಮಾನವನ್ನು ಹೊಗಳುವಾಗ ಆ ಹೊಗಳಿಕೆ ಸಲ್ಲಬೇಕಾದದ್ದು 60 ವರ್ಷ ರಾತ್ರಿ ಪಾಳಿಯಲ್ಲಿ ಟಾರ್ಚ್ ಹಿಡಿದು ಬಿರುಕು ಹುಡುಕಿದವರಿಗೆ. ಅವರಿಗೆ ಸಲ್ಲಿಸುವ ಗೌರವ ಅಂದರೆ ಅವರು "ಸಾಕು" ಅಂದಾಗ ಕೇಳೋದು.

ಆಯುಧಪೂಜೆ ಬಗ್ಗೆ ಮಾವ ಹೇಳಿದ್ದನ್ನೂ ಬರೆದುಬಿಡುತ್ತೇನೆ. "ಜನ ಕುಂಕುಮ ನೋಡ್ತಾರೆ. ನಾವು ಪೂಜೆ ಅಂದ್ರೆ ಹಿಂದಿನ ದಿನ ಅನ್ಕೊಂಡಿದ್ವಿ. ತೊಳಿಯೋದು, ಒರೆಸೋದು, ಒಂದೊಂದು ಟೂಲ್ ತೆಗ್ದು ನೋಡೋದು, ಸವೆದಿದ್ರೆ ಪಕ್ಕಕ್ಕಿಡೋದು. ಸವೆದಿದ್ದಕ್ಕೂ ಒಂದು ಹೂವು ಇಡ್ತಿದ್ವಿ. ಆದ್ರೆ ಮತ್ತೆ ಪೆಟ್ಟಿಗೆಗೆ ಹಾಕ್ತಿರಲಿಲ್ಲ."

ನಮ್ಮ ಕಾಯಿಲ್ ಕತೆ ಮುಗಿಸಬೇಕಲ್ಲ. ಆ ವಾರವೇ ಅದನ್ನು ಗುಜರಿಗೆ ಹಾಕೋಣ ಅಂತ ಹೊರಗಿಟ್ಟಿದ್ದೆ. ಮನೆಗೆಲಸದ ಅಕ್ಕ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಕೇಳಿದರು: "ಎಸೀತೀರಾ ಸಾರ್? ಕೊಟ್ರೆ ನಮ್ಮ ಹುಡುಗನ ಕೈಲಿ ರಿಪೇರಿ ಮಾಡಿಸ್ಕೋತೀನಿ. ಇನ್ನೂ ಚೆನ್ನಾಗೇ ಇದೆ."

ಅದೇ ಬೆರಳು ಅದನ್ನು ಹಿಡಿದಿತ್ತು. ಒಂದು ಕ್ಷಣ ನನಗೆ, ಕೊಟ್ಟುಬಿಡೋಣ, ಪಾಪ, ಉಪಯೋಗ ಆಗುತ್ತೆ ಅಂತಲೇ ಅನ್ನಿಸಿತು. ಅಷ್ಟು ಸಲೀಸು ಅದು. ಒಳಗೆ ಹೋಗಿ ಕತ್ತರಿ ತಂದು ವೈರನ್ನು ಬುಡಕ್ಕೇ ಕತ್ತರಿಸಿ ಗುಜರಿ ಚೀಲಕ್ಕೆ ಹಾಕಿದೆ. ಸಂಜೆ ಎರಡು ಹೊಸ ಕಾಯಿಲ್ ತಂದೆ, ಒಂದು ನಮ್ಮ ಮನೆಗೆ, ಒಂದು ಅವರ ಮನೆಗೆ. ಇದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ, ಆ ಸಾಲ ಎರಡು ಮೂರು ತಿಂಗಳ ಹಿಂದಿನದು. ಈಗ ಮೋಡದ ದಿನಗಳಲ್ಲಿ ನೀರು ಕಾದಿದೆಯಾ ಅಂತ ನಾನೇ ನೋಡುತ್ತೇನೆ, ಸ್ವಿಚ್ ಆರಿಸಿ, ಪ್ಲಗ್ ತೆಗೆದ ಮೇಲೆ. ತಿಂಗಳಿಗೊಮ್ಮೆ ಅವರನ್ನು ಕೇಳುತ್ತೇನೆ, "ಏನಾದ್ರೂ ಜುಂ ಅಂತಿದೆಯಾ ಅಕ್ಕ?"